ಬೋ ಸ್ಟ್ರೀಟಿನ ನ್ಯಾಯಸ್ಥಾನ

ಕಾದಂಬರಿಯ ಉಗಮವನ್ನು ಪಾಠ ಹೇಳುವಾಗ ವರ್ಷಕ್ಕೊಮ್ಮೆಯಾದರೂ ನಾನು ‘ಟಾಮ್ ಜೋನ್ಸ್’ ಬರೆದ ಹೆನ್ರಿ ಫೀಲ್ಡಿಂಗನ ಹೆಸರನ್ನು ಎತ್ತುವುದುಂಟು. ಆತ ಲಂಡನ್ನಿನ ಬೋ ಸ್ಟ್ರೀಟಿನಲ್ಲಿ ಮ್ಯಾಜಿಸ್ಟ್ರೇಟನೂ ಆಗಿದ್ದನೆಂದರೆ ಹುಡುಗರು ತಲೆಯೆತ್ತಿ ನೋಡುತ್ತಾರೆ. ಆ ಬೀದಿಯ ನ್ಯಾಯಸ್ಥಾನ ಈಗ ಹೋಟೆಲಾಗಿದೆಯೆಂದರೆ ನಗುತ್ತಾರೆ. ಒಮ್ಮೆ ಒಬ್ಬ ಹುಡುಗಿ ಮಾತ್ರ ನಗದೆ, “ಸಾರ್, ಅಲ್ಲಿ ಮಲಗಿದವರಿಗೆ ನಿದ್ದೆ ಬರುತ್ತದೆಯೆ?” ಎಂದು ಕೇಳಿದಳು. ಆಗ ನಾನು ಏನೋ ಹೇಳಿ ಜಾರಿಕೊಂಡೆ. ಪ್ರಶ್ನೆ ಮಾತ್ರ ನನ್ನೊಡನೆ ಮನೆಗೆ ಬಂದಿತು.

ಫೀಲ್ಡಿಂಗ್ ಆ ಅಧಿಕಾರಕ್ಕೆ ಬಂದದ್ದು 1748ರಲ್ಲಿ. ಆಗಿನ ನ್ಯಾಯಾಧೀಶರಲ್ಲಿ ಅನೇಕರು ಕಕ್ಷಿಗಾರರಿಂದ ಬರುವ ಶುಲ್ಕದಿಂದಲೇ ಹೊಟ್ಟೆ ಹೊರೆಯುತ್ತಿದ್ದವರು. ಜಗಳ ಹೆಚ್ಚಿದಷ್ಟೂ ಅವರಿಗೆ ಲಾಭ. ಫೀಲ್ಡಿಂಗ್ ಬಡವರ ಜಗಳಗಳನ್ನು ಉರಿಸುವ ಬದಲು ರಾಜಿ ಮಾಡಿಸಿ ಕಳುಹಿಸಿದ. ವರ್ಷಕ್ಕೆ 500 ಪೌಂಡಿನಷ್ಟಿದ್ದ ಆ ಕೊಳಕು ಹಣ ಹೀಗೆ 300ರ ಆಸುಪಾಸಿಗೆ ಇಳಿಯಿತೆಂದು ಅವನೇ ಬರೆದುಕೊಂಡಿದ್ದಾನೆ. ಕಳ್ಳರನ್ನು ಹಿಡಿಯಲು ಬೆರಳೆಣಿಕೆಯ ಜನರ ಪಡೆಯೊಂದನ್ನು ಕಟ್ಟಿದ. ‘ಬೋ ಸ್ಟ್ರೀಟ್ ರನ್ನರ್ಸ್’ ಎಂದು ಹೆಸರಾದವರು ಇವರೇ. 1754ರಲ್ಲಿ, 47ನೆಯ ವಯಸ್ಸಿಗೆ, ಲಿಸ್ಬನ್ನಿನಲ್ಲಿ ತೀರಿಕೊಂಡ. ಅವನ ಪೀಠಕ್ಕೆ ಬಂದ ಮಲತಮ್ಮ ಜಾನ್ ಕುರುಡ. ಮೂರು ಸಾವಿರ ಕಳ್ಳರನ್ನು ಬರಿಯ ದನಿಯಿಂದಲೇ ಗುರುತಿಸುತ್ತಿದ್ದನೆಂದು ಪ್ರತೀತಿ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು, ಇರಲಿ.

ಅವರಿದ್ದ ಮನೆ ಬೀದಿಯ ಪಶ್ಚಿಮದ ಸಾಲಿನಲ್ಲಿತ್ತು. ಈಗ ಹೋಟೆಲಾಗಿರುವುದು ಎದುರು ಸಾಲಿನಲ್ಲಿ, ಸಂಗೀತನಾಟಕಗಳ ಪ್ರಸಿದ್ಧ ರಂಗಮಂದಿರಕ್ಕೆ ಮುಖಮಾಡಿ, 1881ರಲ್ಲಿ ತೆರೆದ ಕಲ್ಲಿನ ಕಟ್ಟಡ. ನ್ಯಾಯಾಲಯವೂ ಪೊಲೀಸು ಠಾಣೆಯೂ ಅಲ್ಲಿ ಒತ್ತಾಗಿದ್ದವು. 1895ರಲ್ಲಿ ಆಸ್ಕರ್ ವೈಲ್ಡನನ್ನು ಹಿಡಿದು ತಂದದ್ದು ಅಲ್ಲಿಗೆ. ಹಿಡಿದದ್ದಾದರೋ ಒಂದು ಹೋಟೆಲಿನಲ್ಲಿ! ಈ ವಿಪರ್ಯಾಸವನ್ನು ಅವನೇ ಕಂಡಿದ್ದರೆ ಒಂದು ಒಳ್ಳೆಯ ಮಾತು ಹುಟ್ಟುತ್ತಿತ್ತು.

1908ರಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಎಮೆಲೀನ್ ಪ್ಯಾಂಕ್‌ಹರ್ಸ್ಟ್ ಮತ್ತು ಮಗಳು ಕ್ರಿಸ್ಟಬೆಲ್ ಇಲ್ಲಿ ಆಪಾದಿತರಾಗಿ ನಿಂತರು. ಕ್ರಿಸ್ಟಬೆಲ್ ಕಾನೂನು ಪದವೀಧರೆ. ಆದರೆ ಹೆಂಗಸಾದುದರಿಂದ ವಕೀಲಿ ನಡೆಸುವಂತಿರಲಿಲ್ಲ. ತನ್ನ ಪರವಾಗಿ ತಾನೇ ವಾದಿಸಬಹುದಷ್ಟೆ? ಅವಳು ಮಂತ್ರಿಗಳಾದ ಲಾಯ್ಡ್ ಜಾರ್ಜ್ ಮತ್ತು ಹರ್ಬರ್ಟ್ ಗ್ಲಾಡ್‌ಸ್ಟನ್ ಅವರನ್ನು ಸಾಕ್ಷಿಗಳಾಗಿ ಕರೆಯಿಸಿ, ಕಟಕಟೆಯಿಂದಲೇ ಪ್ರಶ್ನೆಗಳ ಮಳೆಗರೆದಳು. ಸೆರೆವಾಸವೇನೋ ತಪ್ಪಲಿಲ್ಲ. ಆದರೆ ಅಂದು ವಿಚಾರಣೆಗೆ ಒಳಗಾದವರು ಯಾರೆಂಬುದು ನೋಡಿದವರಿಗೆ ಗೊತ್ತಾಯಿತು.

ನಮ್ಮವರೂ ಆ ಮೆಟ್ಟಿಲು ಹತ್ತಿದರು. 1910ರಲ್ಲಿ ಸಾವರ್ಕರರನ್ನು ವಿಚಾರಣೆಗೆ ಭಾರತಕ್ಕೆ ಕಳುಹಿಸಬೇಕೆಂಬ ಆಜ್ಞೆ ಹೊರಟದ್ದು ಇಲ್ಲಿಂದ. ಮಾರ್ಸೇಲ್ಸಿನಲ್ಲಿ ಹಡಗಿನಿಂದ ಸಮುದ್ರಕ್ಕೆ ಹಾರಿದ ಸಾಹಸ ಆಮೇಲಿನದು. 1919ರ ಜಲಿಯನ್‌ವಾಲಾಬಾಗಿನ ಹತ್ಯೆಯನ್ನು ಮರೆಯದ ಉಧಮ್ ಸಿಂಗ್ 1940ರ ಮಾರ್ಚ್ 13ರಂದು ಮೈಕೇಲ್ ಓಡ್ವಯರನನ್ನು ಗುಂಡಿಟ್ಟು ಕೊಂದ. ಮರುದಿನ ಅವನನ್ನು ನಿಲ್ಲಿಸಿದ್ದೂ ಇಲ್ಲಿಯೇ. ಜುಲೈ 31ಕ್ಕೆ ಗಲ್ಲಾಯಿತು. ಅದೇ ನ್ಯಾಯಸ್ಥಾನ 1999ರಲ್ಲಿ ಚಿಲಿ ದೇಶದ ಮಾಜಿ ಸರ್ವಾಧಿಕಾರಿ ಪಿನೋಚೆಯನ್ನು ಸ್ಪೇನಿಗೆ ಒಪ್ಪಿಸಬಹುದೆಂದು ತೀರ್ಪಿತ್ತಿತು. ಅನಾರೋಗ್ಯದ ಕಾರಣದಿಂದ ಅವನು ಮರುವರ್ಷ ಮನೆಗೆ ಮರಳಿದ. ಕೆಲವರ ಅನಾರೋಗ್ಯಕ್ಕೆ ಇರುವ ಬೆಲೆಯೇ ಬೇರೆ.

2006ರ ಜುಲೈ 14ರಂದು ನ್ಯಾಯಾಲಯ ಮುಚ್ಚಿತು. ಸುಮಾರು 15 ವರ್ಷ ಪಾಳುಬಿದ್ದ ಕಟ್ಟಡ 2021ರಲ್ಲಿ ಹೋಟೆಲಾಗಿ ತೆರೆಯಿತು. ಠಾಣೆಯಿದ್ದ ಭಾಗದಲ್ಲಿ ಪಾನಗೃಹ ಬಂತು. ಹೀಗಾಯಿತಲ್ಲ ಎಂದು ನಾನು ಹಲುಬಲಾರೆ. ಬಳಸದ ಕಟ್ಟಡ ಕುಸಿಯುವುದನ್ನು ನಮ್ಮೂರುಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಆದರೂ ಉಧಮ್ ಸಿಂಗ್ ನಿಂತ ಕಟ್ಟಡದಲ್ಲಿ ಗಾಜಿನ ಲೋಟಗಳ ಕಿಣಿಕಿಣಿಯನ್ನು ನೆನೆದಾಗ ಮನಸ್ಸು ಪೂರ್ತಿ ಒಪ್ಪುವುದಿಲ್ಲ.

ಒಂದು ಒಳ್ಳೆಯ ಕೆಲಸವೂ ಆಯಿತು: ಹಳೆಯ ಠಾಣೆಯ ಲಾಕಪ್ ಕೋಣೆಗಳನ್ನು ಕೆಡವದೆ, ಅದೇ ವರ್ಷ ಅಲ್ಲಿಯೇ ಒಂದು ಪುಟ್ಟ ಪೊಲೀಸ್ ವಸ್ತುಸಂಗ್ರಹಾಲಯವನ್ನು ತೆರೆದರು. ಈ ಸಲ ಫೀಲ್ಡಿಂಗನ ಪಾಠ ಬಂದಾಗ ಆ ಹುಡುಗಿಯ ಪ್ರಶ್ನೆಯನ್ನು ನಾನೇ ತರಗತಿಗೆ ಕೇಳಬೇಕೆಂದಿದ್ದೇನೆ.