ರಕ್ತದ ‘ನಾರ್ಮಲ್’: ಯಾರ ರಕ್ತದಿಂದ ಬಂದ ಅಂಕಿ?

ಸಿಂಧನೂರು, ಲಿಂಗಸುಗೂರು, ಮಸ್ಕಿ, ಯಾವ ಊರಿನ ಲ್ಯಾಬಿನದಾದರೂ ಸರಿ, ರಕ್ತ ಪರೀಕ್ಷೆಯ ಒಂದು ಚೀಟಿಯನ್ನು ಕೈಗೆತ್ತಿಕೊಳ್ಳಿ. ಪರೀಕ್ಷೆಯ ಹೆಸರು, ಅದರ ಮುಂದೆ ನಿಮ್ಮ ಅಂಕಿ, ಅದರ ಬಲಕ್ಕೆ ‘ನಾರ್ಮಲ್’ ಎಂಬ ಇನ್ನೆರಡು ಅಂಕಿಗಳು. ಪಿಯುಸಿ ಓದುವ ಹುಡುಗಿಯೊಬ್ಬಳ ಹಿಮೋಗ್ಲೋಬಿನ್ 11.4 ಗ್ರಾಂ ಇದೆಯೆನ್ನಿ. ಬಲಬದಿಯಲ್ಲಿ 12 ಎಂದು ಅಚ್ಚಾಗಿರುವುದರಿಂದ ಅವಳು ‘ರಕ್ತಹೀನೆ’. 11.4 ಬಂದದ್ದು ಅವಳ ರಕ್ತದಿಂದ. ಆ 12 ಯಾರ ರಕ್ತದಿಂದ ಬಂತು? ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಇದು. ಉತ್ತರಕ್ಕಾಗಿ ಸುಮಾರು 170 ವರ್ಷ ಹಿಂದೆ ಹೋಗಬೇಕು.

1852ರಲ್ಲಿ ಜರ್ಮನಿಯ ಕಾರ್ಲ್ ಫಿಯರೋರ್ಟ್ ಸೂಕ್ಷ್ಮದರ್ಶಕದ ಕೆಳಗೆ ಕೆಂಪು ರಕ್ತಕಣಗಳನ್ನು ಎಣಿಸಿದರು. ಅದೊಂದು ಪ್ರಾಣ ಹಿಂಡುವ ಕೆಲಸವಾಗಿತ್ತು. ಎರಡು ವರ್ಷಗಳ ಅನಂತರ ಹರ್ಮನ್ ವೆಲ್ಕರ್ ಅದನ್ನು ಮುಂದುವರಿಸಿದರು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಗಂಡಸರಿಗೆ 50 ಲಕ್ಷ, ಹೆಂಗಸರಿಗೆ 45 ಲಕ್ಷ ಎಂದು ಇಂದಿಗೂ ನಾವು ತರಗತಿಯಲ್ಲಿ ಹೇಳುವ ಅಂಕಿಗಳ ಮೂಲ ಇಲ್ಲಿದೆ. ಎಣಿಸಿದ್ದು ಕೆಲವೇ ಜನರ ರಕ್ತ. ಪಠ್ಯಪುಸ್ತಕ ಸೇರಿದ ಮೇಲೆ ಅದು ಮನುಷ್ಯಜಾತಿಯ ಲಕ್ಷಣವಾಯಿತು.

ಹಿಮೋಗ್ಲೋಬಿನ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಅದನ್ನು ಮೊದಲು ಗ್ರಾಂನಲ್ಲಿ ಹೇಳುತ್ತಿರಲಿಲ್ಲ, ಶೇಕಡಾ ಲೆಕ್ಕದಲ್ಲಿ ಹೇಳುತ್ತಿದ್ದರು. ಯಾವುದರ ಶೇಕಡಾ? ‘ಆರೋಗ್ಯವಂತನ ರಕ್ತ’ದ ಶೇಕಡಾ! ಇಂಗ್ಲೆಂಡಿನ ಹಾಲ್ಡೇನ್ 1901ರಲ್ಲಿ, 100 ಮಿಲಿಲೀಟರ್ ರಕ್ತ 18.5 ಮಿಲಿಲೀಟರ್ ಆಮ್ಲಜನಕವನ್ನು ಹಿಡಿದರೆ ಅದೇ ನೂರಕ್ಕೆ ನೂರು ಎಂದರು. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹಿಡಿಯುತ್ತದೆ ಎಂದು ಭಾಗಿಸಿ ನೋಡಿ, 13.8 ಗ್ರಾಂ ಬರುತ್ತದೆ. ಮರುವರ್ಷ ಬಂದ ಸ್ವಿಟ್ಜರ್ಲೆಂಡಿನ ಸಾಲಿ ಉಪಕರಣದಲ್ಲಿ ನೂರು ಎಂದರೆ ಸುಮಾರು 17 ಗ್ರಾಂ. ಆಮ್ಲ ಬೆರೆಸಿ, ಕಂದು ಬಣ್ಣ ಬಂದ ಮೇಲೆ ನೀರು ಹಾಕುತ್ತಾ ಬಣ್ಣ ಹೊಂದಿಸುವ ಆ ಗಾಜಿನ ಕೊಳವೆಯನ್ನು ನಮ್ಮ ಕಾಲೇಜುಗಳಲ್ಲಿ ಅನೇಕರು ನೋಡಿರುತ್ತೀರಿ. ಈಗ ವೈದ್ಯರು ‘ಎಪ್ಪತ್ತು ಇದೆ’ ಎಂದರೆ ಏನು ಅರ್ಥ? ಹಾಲ್ಡೇನ್ ಪ್ರಕಾರ 9.7 ಗ್ರಾಂ, ಸಾಲಿ ಪ್ರಕಾರ 12 ಗ್ರಾಂ. ರೋಗಿ ಅದೇ, ರಕ್ತವೂ ಅದೇ.

ಭೌತವಿಜ್ಞಾನದ ಮೇಷ್ಟರಾದ ನನಗೆ ಇದು ಮಾನಕವಿಲ್ಲದ ಅಳತೆಗೆ ಒಳ್ಳೆಯ ಉದಾಹರಣೆ. ಈ ಗೊಂದಲ ಕೊನೆಗೊಂಡದ್ದು 1960ರ ದಶಕದಲ್ಲಿ. ಹಿಮೋಗ್ಲೋಬಿನ್ ಅನ್ನು ಸಯನ್‌ಮೆಟ್‌ಹಿಮೋಗ್ಲೋಬಿನ್ ಆಗಿ ಪರಿವರ್ತಿಸಿ, 540 ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಅದು ಎಷ್ಟು ಹೀರುತ್ತದೆ ಎಂದು ಅಳೆಯುವ ವಿಧಾನವನ್ನು ಅಂತಾರಾಷ್ಟ್ರೀಯ ಮಾನಕವಾಗಿ ಒಪ್ಪಿಕೊಂಡರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯ ಒಂದು ಗ್ರಾಂ ಚಿನ್ನ ಪ್ಯಾರಿಸ್ಸಿನಲ್ಲೂ ಒಂದು ಗ್ರಾಂ ತೂಗುವಂತೆ, ಹಿಮೋಗ್ಲೋಬಿನ್‌ನ ಗ್ರಾಂ ಎಲ್ಲೆಡೆ ಒಂದೇ ಆಯಿತು. ಆದರೆ ಅಳತೆ ಒಂದೇ ಆದರೆ ‘ಸಹಜ’ವೂ ಒಂದೇ ಆಗಬೇಕೆ?

ಈ ಸಂಶಯ ಹೊಸದಲ್ಲ. 1929ರಲ್ಲಿ ಅಮೆರಿಕದ ನ್ಯೂ ಓರ್ಲಿಯನ್ಸ್‌ನಲ್ಲಿ ಮ್ಯಾಕ್ಸ್ ವಿಂಟ್ರೋಬ್ ತಮ್ಮ ದಕ್ಷಿಣ ಪ್ರಾಂತದ ಆರೋಗ್ಯವಂತರ ರಕ್ತವನ್ನು ತಾವೇ ಅಳೆದು ಪ್ರಕಟಿಸಿದರು. 1930ರ ದಶಕದಲ್ಲಿ ಕಲ್ಕತ್ತದ ಉಷ್ಣವಲಯ ವೈದ್ಯಕೀಯ ಶಾಲೆಯ ನೇಪಿಯರ್ ಮತ್ತು ದಾಸ್‌ಗುಪ್ತ ಭಾರತೀಯರ ರಕ್ತದ ಬಗ್ಗೆ ಲೇಖನಮಾಲೆಯನ್ನೇ ಬರೆದರು. ಆದರೂ ಜಗತ್ತಿಗೆಲ್ಲ ನಿಂತ ಗೆರೆ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಳೆದದ್ದು: ಗಂಡಸರಿಗೆ 13, ಗರ್ಭಿಣಿಯರಲ್ಲದ ಹೆಂಗಸರಿಗೆ 12, ಗರ್ಭಿಣಿಯರಿಗೆ 11 ಗ್ರಾಂ. ಅದಕ್ಕೆ ಆಧಾರವಾದ ಬೆರಳೆಣಿಕೆಯ ಅಧ್ಯಯನಗಳು ಬಹುಮಟ್ಟಿಗೆ ಯೂರೋಪು ಮತ್ತು ಉತ್ತರ ಅಮೆರಿಕದ ಜನರವು. ನಮ್ಮ ಹುಡುಗಿಯ ಚೀಟಿಯಲ್ಲಿರುವ 12 ಬಂದದ್ದು ಅಲ್ಲಿಂದ.

ಹಾಗಾದರೆ ರಾಯಚೂರು ಜಿಲ್ಲೆಯ ಸಾವಿರ ಜನರ ರಕ್ತ ಅಳೆದು ನಮ್ಮದೇ ಗೆರೆ ಎಳೆದರಾಯಿತಲ್ಲ ಎನ್ನುತ್ತೀರಾ? ಇಲ್ಲೇ ಎಚ್ಚರ ಬೇಕು. ಊರಿನ ಅರ್ಧ ಜನಕ್ಕೆ ಕಬ್ಬಿಣದ ಕೊರತೆ ಇದ್ದರೆ ಊರಿನ ಸರಾಸರಿಯಲ್ಲಿ ಆ ಕೊರತೆಯೂ ಸೇರಿರುತ್ತದೆ. ಅದನ್ನೇ ‘ನಾರ್ಮಲ್’ ಎಂದು ಅಚ್ಚು ಹಾಕಿದರೆ ಹಸಿವಿಗೆ ಸರ್ಟಿಫಿಕೇಟ್ ಕೊಟ್ಟಂತೆ. ಭತ್ತದ ಸಸಿ ನಾಟಲು ದಿನವಿಡೀ ಬಗ್ಗಿ ದುಡಿಯುವ, ನಿಜವಾಗಿಯೂ ರಕ್ತ ಕಡಿಮೆ ಇರುವ ಹೆಂಗಸಿಗೆ ‘ಎಲ್ಲ ಸರಿಯಾಗಿದೆ’ ಎಂಬ ಚೀಟಿ ಸಿಗುತ್ತದೆ. ಲ್ಯಾಬಿಗೆ ಬಂದವರ ಅಂಕಿಗಳನ್ನು ಕೂಡಿಸಿದರೂ ಆಗದು. ಲ್ಯಾಬಿಗೆ ಬರುವವರೇ ಕಾಯಿಲೆಯವರು. 1969ರಲ್ಲಿ ಫಿನ್‌ಲೆಂಡಿನ ಗ್ರಾಸ್‌ಬೆಕ್ ಮತ್ತು ಸಾರಿಸ್ ‘ನಾರ್ಮಲ್’ ಪದವನ್ನೇ ಬಿಟ್ಟು ‘ರೆಫರೆನ್ಸ್’, ಅಂದರೆ ಹೋಲಿಕೆಯ ಮೌಲ್ಯ, ಎನ್ನೋಣ ಎಂದದ್ದು ಇದಕ್ಕಾಗಿಯೇ. ಯಾರೊಂದಿಗೆ ಹೋಲಿಸುತ್ತಿದ್ದೇವೆ ಎಂಬುದನ್ನು ಮೊದಲು ಹೇಳಬೇಕು.

ನಮ್ಮ ದೇಶದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಅನುರಾ ಕುರ್ಪಾಡ್ ಮತ್ತು ದೆಹಲಿಯ ಹರ್ಷಪಾಲ್ ಸಚ್‌ದೇವ್ ಮುಖ್ಯರು. 2016–18ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ರಕ್ತ ಕೊಟ್ಟ 1ರಿಂದ 19 ವರ್ಷದ ಸುಮಾರು 49 ಸಾವಿರ ಮಕ್ಕಳ ಅಂಕಿಗಳು ಇವರ ಮುಂದಿದ್ದವು. ಕಬ್ಬಿಣ, ಫೋಲೇಟ್, ಬಿ12, ಎ ಜೀವಸತ್ವಗಳ ಕೊರತೆ ಇದ್ದವರನ್ನು ಬಿಟ್ಟರು. ಉರಿಯೂತ ಇದ್ದವರನ್ನೂ ಬಿಟ್ಟರು. ಉಳಿದವರು 8087, ಅಂದರೆ ಆರರಲ್ಲಿ ಒಬ್ಬರು. ಈ ಜರಡಿಯಲ್ಲೇ ಇಡೀ ಅಧ್ಯಯನದ ಬೆಲೆ ಇದೆ ಎಂಬುದು ನನ್ನ ಅಭಿಪ್ರಾಯ. ಹೀಗೆ ಆರಿಸಿದ ಮಕ್ಕಳಲ್ಲೂ ಕೆಳಗಿನ ಗೆರೆ ವಿಶ್ವ ಆರೋಗ್ಯ ಸಂಸ್ಥೆಯದಕ್ಕಿಂತ ಸಾಮಾನ್ಯವಾಗಿ 1ರಿಂದ 2 ಗ್ರಾಂ ತಗ್ಗಿನಲ್ಲಿತ್ತು; ಹತ್ತು ದಾಟಿದ ಹುಡುಗಿಯರಲ್ಲಿ ಇನ್ನೂ ಎದ್ದು ಕಾಣುವಂತಿತ್ತು. ಹೊಸ ಗೆರೆ ಹಿಡಿದರೆ ರಕ್ತಹೀನರ ಪ್ರಮಾಣ ಶೇ. 30ರಿಂದ 10.8ಕ್ಕೆ ಇಳಿಯುತ್ತದೆ ಎಂದು 2021ರಲ್ಲಿ ಪ್ರಕಟಿಸಿದರು. 11.4ರ ನಮ್ಮ ಹುಡುಗಿ ಬಹುಶಃ ಆರೋಗ್ಯವಂತರ ಸಾಲಿಗೆ ಸೇರುತ್ತಾಳೆ.

ವಿವಾದ ಎದ್ದದ್ದು ಸಹಜ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿ ರಕ್ತಹೀನರು ಎಂದಿತ್ತು. ಗೆರೆ ತಗ್ಗಿಸಿದರೆ ಸಮಸ್ಯೆಯೇ ಕಾಗದದ ಮೇಲೆ ಮಾಯವಾದೀತು ಎಂಬ ಆತಂಕ ಒಂದು ಕಡೆ, ಬೇಡದವರಿಗೂ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ಎಂಬ ಆತಂಕ ಇನ್ನೊಂದು ಕಡೆ. ಆ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ಹನಿ ರಕ್ತ ತೆಗೆದಿದ್ದರು, ಪೌಷ್ಟಿಕತೆ ಸಮೀಕ್ಷೆಯಲ್ಲಿ ರಕ್ತನಾಳದಿಂದ ತೆಗೆದಿದ್ದರು. ಬೆರಳನ್ನು ಹಿಂಡಿದರೆ ಅಂಗಾಂಶದ ದ್ರವ ಬೆರೆತು ಅಂಕಿ ಬದಲಾಗಬಹುದು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ಪರಿಷ್ಕರಿಸಿ, ರಕ್ತನಾಳದ ರಕ್ತವನ್ನೇ ಅಳೆಯಿರಿ ಎಂದಿತು. ಎರಡು ವರ್ಷದೊಳಗಿನ ಮಕ್ಕಳ ಗೆರೆಯನ್ನು 10.5ಕ್ಕೆ ಇಳಿಸಿತು. ಹೆಂಗಸರ 12 ಮಾತ್ರ ಹಾಗೆಯೇ ಉಳಿಯಿತು.

‘ಸ್ಥಳೀಯ’ ಎಂಬ ಮಾತೂ ಅಷ್ಟು ಸರಳವಲ್ಲ. ಸಿಂಧನೂರು ತಾಲ್ಲೂಕನ್ನೇ ನೋಡಿ. ಹಿಂದಿನಿಂದ ಜೋಳ ಬೆಳೆದು ಉಂಡ ಒಕ್ಕಲು ಮನೆತನಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪ್‌ಗಳಲ್ಲಿ ನೆಲೆಸಿದವರಿದ್ದಾರೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಪುನರ್ವಸತಿ ಕ್ಯಾಂಪ್‌ಗಳೂ ಇವೆ. ಬಂಗಾಳ ಮತ್ತು ಈಶಾನ್ಯ ಭಾರತದಲ್ಲಿ ಹಿಮೋಗ್ಲೋಬಿನ್–ಇ ಎಂಬ ಆನುವಂಶಿಕ ಭೇದ ಸಾಮಾನ್ಯ. ಅದನ್ನು ಒಂದೇ ಜೀನ್‌ನಲ್ಲಿ ಹೊತ್ತವರು ಆರೋಗ್ಯವಾಗಿಯೇ ಇರುತ್ತಾರೆ, ರಕ್ತಕಣಗಳು ಮಾತ್ರ ತುಸು ಚಿಕ್ಕವು. ಯಂತ್ರ ಅದನ್ನು ಕಬ್ಬಿಣದ ಕೊರತೆಯಂತೆ ತೋರಿಸಬಹುದು.

ಎತ್ತರದ ಮಾತೂ ಇದೆ. ಮೇಲೆ ಹೋದಂತೆ ಆಮ್ಲಜನಕ ತೆಳುವಾಗಿ, ದೇಹ ಹಿಮೋಗ್ಲೋಬಿನ್ ಹೆಚ್ಚಿಸಿಕೊಳ್ಳುತ್ತದೆ. 2024ರ ಮಾರ್ಗಸೂಚಿಯ ಪ್ರಕಾರ 500ರಿಂದ 999 ಮೀಟರ್ ಎತ್ತರದಲ್ಲಿ ಗೆರೆಗೆ 0.4 ಗ್ರಾಂ ಸೇರಿಸಬೇಕು. ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿಗೆ ಇದು ಬೇಕು; ಸುಮಾರು 400 ಮೀಟರಿನ ರಾಯಚೂರಿಗೆ ಬೇಡ.

ಒಂದು ಸಣ್ಣ ಲ್ಯಾಬು ಏನು ಮಾಡಬಹುದು? ಹೊಸದಾಗಿ ವ್ಯಾಪ್ತಿ ಕಟ್ಟಲು, ಗಂಡು ಹೆಣ್ಣು ಬೇರೆ ಬೇರೆಯಾಗಿ, ಕನಿಷ್ಠ 120 ಆರೋಗ್ಯವಂತರು ಬೇಕು, ಮೇಲಿನ ಶೇ. 2.5, ಕೆಳಗಿನ ಶೇ. 2.5 ಬಿಟ್ಟು ನಡುವಿನ 95ನ್ನು ಇಟ್ಟುಕೊಳ್ಳುವುದು ರೂಢಿ. (ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದ ಆರೋಗ್ಯವಂತನಿಗೆ ಒಂದಾದರೂ ‘ಅಸಹಜ’ ಬರುವ ಸಂಭಾವ್ಯತೆ ಶೇ. 64. ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಿ.) ಆದರೆ ಎರವಲು ತಂದ ವ್ಯಾಪ್ತಿ ನಮಗೆ ಹೊಂದುತ್ತದೆಯೇ ಎಂದು ನೋಡಲು 20 ಜನ ಸಾಕು. ಜ್ವರ, ಗರ್ಭ, ಇತ್ತೀಚಿನ ರಕ್ತದಾನ, ನಡೆಯುತ್ತಿರುವ ಔಷಧಿ ಯಾವುದೂ ಇಲ್ಲದವರನ್ನು ಆರಿಸಿ ಅಳೆಯಬೇಕು. ವ್ಯಾಪ್ತಿಯ ಹೊರಗೆ ಬಿದ್ದವರು ಇಬ್ಬರಿಗಿಂತ ಹೆಚ್ಚಿಲ್ಲದಿದ್ದರೆ ಅಚ್ಚಾದ ಅಂಕಿ ಇರಲಿ. ಹೆಚ್ಚಿದ್ದರೆ ಇನ್ನೂ 20 ಜನ. ಆಗಲೂ ಹಾಗೆಯೇ ಆದರೆ ಚೀಟಿಯ ಬಲಬದಿಯನ್ನು ಬದಲಿಸುವ ಮೊದಲು 120 ಜನರನ್ನು ಹುಡುಕಬೇಕು.