ಬೇರೆಯವರ ಪ್ರೋಗ್ರಾಮಿನೊಳಗೆ ಬಾಳಿದ ಭಾಷೆ

ಪ್ರೋಗ್ರಾಮಿಂಗ್ ಭಾಷೆಗಳ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಬೆಲ್ ಲ್ಯಾಬ್ಸ್, ಎಂಐಟಿ, ಬರ್ಕ್ಲಿಗಳ ಸುತ್ತಲೇ ತಿರುಗುತ್ತಾರೆ. ಹೆಚ್ಚೆಂದರೆ ಪ್ಯಾಸ್ಕಲ್‌ ಹೆಸರಿನಲ್ಲಿ ಜೂರಿಕ್‌ಗೆ, ಪೈಥಾನ್‌ ಹೆಸರಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿಬರುತ್ತಾರೆ. ನನಗೆ ಅನ್ನ ಕೊಟ್ಟ ಭಾಷೆಗಳಲ್ಲಿ ಒಂದರ ಜಾತಕ ಹುಡುಕಬೇಕಾದರೆ ರಿಯೊ ಡಿ ಜನೈರೊಗೇ ಹೋಗಬೇಕು. ಅದರ ಹೆಸರು ಲುವಾ. ಹುಟ್ಟಿದ್ದು 1993ರಲ್ಲಿ, ಒಂದು ಎಣ್ಣೆ ಕಂಪನಿಯ ಕೆಲಸಕ್ಕಾಗಿ. ಸ್ವಂತ ಮನೆ ಕಟ್ಟಿಕೊಳ್ಳುವ ಆಸೆ ಅದಕ್ಕೆ ಎಂದೂ ಇರಲಿಲ್ಲ. ಇನ್ನೊಬ್ಬರು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನೊಳಗೆ ಕೂತು ಕೆಲಸ ಮಾಡುವುದಕ್ಕೆಂದೇ ಅದನ್ನು ಮಾಡಿದ್ದು. ಅದರ ಬಗ್ಗೆ ಇವತ್ತಿಗೂ ಕೇಳಿಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಈ ಒಂದು ಸಂಗತಿಯನ್ನು ಮರೆತದ್ದರಿಂದ ಹುಟ್ಟಿದವು ಎನ್ನುವುದು ನನ್ನ ವಾದ.

ಒಂದು ಭಾಷೆಯೊಳಗೆ ಇನ್ನೊಂದು ಭಾಷೆ ಏಕೆ ಬೇಕು? ಸಿಯಲ್ಲಿ ಬರೆದದ್ದನ್ನು ಕಂಪೈಲ್ ಮಾಡಿ ಗಿರಾಕಿಗೆ ಕೊಟ್ಟಮೇಲೆ ಅದರೊಳಗಿನ ಒಂದು ಬಣ್ಣ ಬದಲಿಸಬೇಕೆಂದರೂ ಪ್ರೋಗ್ರಾಮರ್ ಬಳಿಗೇ ಬರಬೇಕು. ಗಿರಾಕಿ ವಾರಕ್ಕೊಮ್ಮೆ ಬರುತ್ತಾನೆ. ಮೊದಮೊದಲು ಪ್ರೋಗ್ರಾಮರ್ ಒಂದು ಸೆಟ್ಟಿಂಗ್ ಫೈಲ್ ಮಾಡಿಕೊಡುತ್ತಾನೆ. ಆಮೇಲೆ ಆ ಫೈಲಿನಲ್ಲಿ ‘ಹೀಗಿದ್ದರೆ ಹಾಗೆ’ ಎಂದು ಬರೆಯಲು ಆಗುವುದಿಲ್ಲವೇ ಎಂದು ಗಿರಾಕಿ ಕೇಳುತ್ತಾನೆ. ಆಮೇಲೆ ಇದನ್ನೇ ಇಪ್ಪತ್ತು ಸಲ ಮಾಡಿಸಲು ಆಗುವುದಿಲ್ಲವೇ ಎನ್ನುತ್ತಾನೆ. ಅಷ್ಟು ಹೊತ್ತಿಗೆ ಯಾರೂ ಬೇಕೆಂದು ಮಾಡದ, ಯಾರಿಗೂ ಪೂರ್ತಿ ಅರ್ಥವಾಗದ ಒಂದು ಕುಂಟು ಭಾಷೆ ತಾನಾಗಿ ಹುಟ್ಟಿಬಿಟ್ಟಿರುತ್ತದೆ.

ಇದನ್ನು ಮೊದಲು ಒಂದು ಸಿದ್ಧಾಂತದಂತೆ ಹೇಳಿದವರಲ್ಲಿ ಬರ್ಕ್ಲಿಯ ಜಾನ್ ಔಸ್ಟರ್‌ಹೌಟ್ ಒಬ್ಬರು. ಚಿಪ್ ವಿನ್ಯಾಸದ ಸಾಧನಗಳನ್ನು ಕಟ್ಟುತ್ತಿದ್ದ ಅವರ ತಂಡದಲ್ಲಿ ಪ್ರತಿಯೊಂದು ಸಾಧನಕ್ಕೂ ಒಂದೊಂದು ಅರೆಬೆಂದ ಆಜ್ಞಾಭಾಷೆ ಇತ್ತು. ಪ್ರತಿಸಲ ಹೊಸದಾಗಿ ಕೆಟ್ಟ ಭಾಷೆ ಮಾಡುವ ಬದಲು ಒಂದೇ ಒಳ್ಳೆಯ ಭಾಷೆ ಮಾಡಿ, ಅದನ್ನು ಲೈಬ್ರರಿಯಂತೆ ಎಲ್ಲದರೊಳಗೂ ಸೇರಿಸಬಾರದೇಕೆ ಎಂದು 1987ರಲ್ಲಿ ಅವರಿಗೆ ಹೊಳೆಯಿತು. ಮರುವರ್ಷ ಟಿಸಿಎಲ್ ಎಂಬ ಆ ಭಾಷೆಯನ್ನು ಬರೆಯಲು ಕೂತರು. ಅದಕ್ಕೂ ಮೊದಲೇ, 1986ರಲ್ಲಿ, ಡ್ರಾಯಿಂಗ್ ಎಳೆಯುವ ಆಟೋಕ್ಯಾಡ್ ಪ್ರೋಗ್ರಾಮಿನ ಒಳಗೆ, ಲಿಸ್ಪ್ ಭಾಷೆಯ ಒಂದು ಬಗೆಯಾದ ಆಟೋಲಿಸ್ಪ್ ಬಂದಿತ್ತು.

ಆಟೋಲಿಸ್ಪ್ ನನಗೆ ಪುಸ್ತಕದಿಂದ ಪರಿಚಯವಾದದ್ದಲ್ಲ. ಡಿಪ್ಲೊಮಾ ಮುಗಿಸಿ ನಾನು ಸೇರಿದ್ದು ಪೀಣ್ಯದ ಒಂದು ಡ್ರಾಯಿಂಗ್ ಆಫೀಸಿಗೆ. ಫ್ಲ್ಯಾಂಜ್ ಸುತ್ತ ಬೋಲ್ಟ್ ತೂತುಗಳನ್ನು ಎಳೆಯುವ ಕೆಲಸ ದಿನವಿಡೀ ಇರುತ್ತಿತ್ತು. ಪಿಸಿಡಿ (ತೂತುಗಳು ಕೂರುವ ವೃತ್ತದ ವ್ಯಾಸ) ಎಷ್ಟು, ತೂತು ಎಷ್ಟು ಎಂದು ಕೇಳಿ ತಾನೇ ಎಳೆದುಬಿಡುವ ಒಂದು ಸಣ್ಣ ಲಿಸ್ಪ್ ಫೈಲ್ ಅಲ್ಲಿನ ಹಿರಿಯ ಡ್ರಾಫ್ಟ್ಸ್‌ಮನ್ ಬಳಿ ಇತ್ತು, ಫ್ಲಾಪಿಯಲ್ಲಿ. ಅದನ್ನು ಸ್ವಲ್ಪ ಬದಲಿಸಲು ಹೋದಾಗಲೆಲ್ಲ ಎಲ್ಲೋ ಒಂದು ಬ್ರಾಕೆಟ್ ಮುಚ್ಚದೆ ಉಳಿಯುತ್ತಿತ್ತು. “ಲೆಕ್ಕ ಮಾಡ್ಲಿ ಅಂತ ಕಂಪ್ಯೂಟರ್ ತಂದ್ರೆ, ನಾನೇ ಕೂತ್ಕೊಂಡು ಬ್ರಾಕೆಟ್ ಲೆಕ್ಕ ಮಾಡ್ತಿದೀನಲ್ಲೋ ಮಾರಾಯ” ಎನ್ನುತ್ತಿದ್ದರು. ಅವರಿಗೆ ಡ್ರಾಯಿಂಗ್ ಗೊತ್ತಿತ್ತು, ಲೋಹ ಗೊತ್ತಿತ್ತು. ಪ್ರೋಗ್ರಾಮರ್ ಆಗುವ ಉಮೇದು ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಇದೇ ಬಗೆಯ ಜನ ರಿಯೊದಲ್ಲೂ ಇದ್ದರು. ಅಲ್ಲಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ, ಅಂದರೆ ಪಿಯುಸಿ-ರಿಯೊದಲ್ಲಿ, ಟೆಕ್‌ಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಗುಂಪು 1987ರಿಂದ ಕೆಲಸ ಮಾಡುತ್ತಿತ್ತು. ಅದರ ದೊಡ್ಡ ಪಾಲುದಾರ ಬ್ರೆಜಿಲ್‌ನ ಎಣ್ಣೆ ಕಂಪನಿ ಪೆಟ್ರೊಬ್ರಾಸ್. ಆ ದೇಶ 1977ರಿಂದ 1992ರವರೆಗೆ ಕಂಪ್ಯೂಟರ್ ಮತ್ತು ಸಾಫ್ಟ್‌ವೇರ್ ಆಮದಿಗೆ ಗೋಡೆ ಕಟ್ಟಿತ್ತು. ನಮ್ಮಲ್ಲಿ ಐಬಿಎಂ ಗಂಟುಮೂಟೆ ಕಟ್ಟಿದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ, 1978ರಲ್ಲಿ. ಬ್ರೆಜಿಲ್ಲಿಗೆ ಹೊರಗಿನಿಂದ ತರಿಸುವುದು ದುಬಾರಿ, ರಾಜಕೀಯವಾಗಿ ಕಷ್ಟ. ಹಾಗಾಗಿ ಬೇಕಾದ ಸಾಧನಗಳನ್ನು ಟೆಕ್‌ಗ್ರಾಫ್‌ನವರು ತಾವೇ ಮಾಡಿಕೊಳ್ಳುತ್ತಿದ್ದರು. ಗೋಡೆ ಕಟ್ಟಿದ್ದರಿಂದಲೇ ಲುವಾ ಹುಟ್ಟಿತು ಎಂದು ಹಾಡಿ ಹೊಗಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಹದಿನೈದು ವರ್ಷ ಅಲ್ಲಿನ ಎಷ್ಟೋ ಎಂಜಿನಿಯರುಗಳು ಒಳ್ಳೆಯ ಯಂತ್ರವಿಲ್ಲದೆ ಒದ್ದಾಡಿರಬೇಕು. ಅದನ್ನು ಯಾರೂ ಲೆಕ್ಕ ಇಟ್ಟಿಲ್ಲ. ಲುವಾ ಹುಟ್ಟುವ ಹೊತ್ತಿಗೆ ಗೋಡೆ ಬಿದ್ದೂ ಆಗಿತ್ತು. ಉಳಿದದ್ದು ತಾನೇ ಮಾಡಿಕೊಳ್ಳುವ ಅಭ್ಯಾಸ ಮಾತ್ರ.

ಪೆಟ್ರೊಬ್ರಾಸ್‌ನ ಎಂಜಿನಿಯರುಗಳು ದಿನಕ್ಕೆ ಹಲವು ಸಲ ಸಿಮ್ಯುಲೇಟರ್‌ಗಳಿಗೆ ಅಂಕಿಅಂಶ ಉಣಿಸಬೇಕಿತ್ತು. ಆ ಸಿಮ್ಯುಲೇಟರ್‌ಗಳೋ ಹಳೇ ಕಾಲದವು. ಯಾವ ಅಂಕಿ ಯಾವುದರದ್ದು ಎಂಬ ಗುರುತೇ ಇಲ್ಲದ ಸಾಲುಸಾಲು ಅಂಕಣಗಳು. ಒಂದು ಜಾಗ ತಪ್ಪಿದರೆ ಎಲ್ಲವೂ ತಪ್ಪು. ಇದಕ್ಕೆಲ್ಲ ಚಿತ್ರರೂಪದ ಮುಂಭಾಗಗಳನ್ನು ಮಾಡಿಕೊಡಿ ಎಂದು 1992ರಲ್ಲಿ ಟೆಕ್‌ಗ್ರಾಫ್‌ಗೆ ಬೇಡಿಕೆ ಬಂತು, ಸುಮಾರು ಒಂದು ಡಜನ್. ಒಂದೊಂದಾಗಿ ಬರೆಯುವ ಬದಲು ಅವರು ಡಿಇಎಲ್ ಎಂಬ ಪುಟ್ಟ ವಿವರಣಾ ಭಾಷೆ ಮಾಡಿದರು. ಎಂಜಿನಿಯರುಗಳಿಗೆ ಅದು ಹಿಡಿಸಿತು. ಹಿಡಿಸಿದ್ದೇ ತಡ, ಷರತ್ತು ಬರೆಯಲು ಬರಬೇಕು ಎಂದರು, ಆವರ್ತನೆ ಬೇಕು ಎಂದರು.

ಅದೇ ಹೊತ್ತಿಗೆ ಇನ್ನೊಂದು ಕೋಣೆಯಲ್ಲಿ ಇನ್ನೊಂದು ಕೆಲಸ. ಬಾವಿ ಕೊರೆಯುವಾಗ ಎಷ್ಟು ಆಳದಲ್ಲಿ ಯಾವ ಶಿಲೆ ಸಿಕ್ಕಿತು ಎಂಬುದನ್ನು ಉದ್ದನೆಯ ಪಟ್ಟಿಯಾಗಿ ಚಿತ್ರಿಸುವ ವರದಿಗಳು ಭೂವಿಜ್ಞಾನಿಗಳಿಗೆ ಬೇಕಿದ್ದವು. ಪ್ರತಿಯೊಬ್ಬರಿಗೂ ತಮ್ಮದೇ ಅಂಕಣ, ತಮ್ಮದೇ ಬಣ್ಣ, ತಮ್ಮದೇ ಅಕ್ಷರಶೈಲಿ. ಅದಕ್ಕಾಗಿ ಸೋಲ್ ಎಂಬ ಭಾಷೆ ತಯಾರಾಯಿತು. 1993ರ ಮಾರ್ಚ್‌ನಲ್ಲಿ ಮುಗಿಯಿತು, ಆದರೆ ಯಾರ ಕೈಗೂ ತಲುಪಲಿಲ್ಲ. ಅಷ್ಟರಲ್ಲಿ ಅಲ್ಲೂ ಷರತ್ತು, ಆವರ್ತನೆಗಳ ಬೇಡಿಕೆ ಬರುವುದು ಖಚಿತವಾಗಿತ್ತು. ಟೆಕ್‌ಗ್ರಾಫ್‌ನ ರಾಬರ್ಟೊ ಇರುಸಲಿಮ್‌ಸ್ಕಿ, ಲೂಯಿಸ್ ಎನ್ರಿಕೆ ಡಿ ಫಿಗೆರೆಡೊ, ವಾಲ್ಡೆಮಾರ್ ಸೆಲೆಸ್ ಮೂವರೂ ಕೂತು ಮಾತಾಡಿ, ಎರಡನ್ನೂ ಬಿಟ್ಟು ಒಂದೇ ಭಾಷೆ ಮಾಡುವುದೆಂದು ತೀರ್ಮಾನಿಸಿದರು. ಸೋಲ್ ಎಂದರೆ ಪೋರ್ಚುಗೀಸಿನಲ್ಲಿ ಸೂರ್ಯ. ಹೊಸದಕ್ಕೆ ಚಂದ್ರನ ಹೆಸರು, ಅಂದರೆ ಲುವಾ, ಇಡಿ ಎಂದು ಗೆಳೆಯರೊಬ್ಬರು ಸೂಚಿಸಿದರು.

ಆಗಲೇ ಇದ್ದ ಭಾಷೆಗಳನ್ನು ಅವರು ನೋಡದೆ ಇರಲಿಲ್ಲ. ಟಿಸಿಎಲ್‌ನ ಬರವಣಿಗೆ ವಿಚಿತ್ರ, ಅಂಕಿಅಂಶಗಳನ್ನು ವಿವರಿಸಲು ಅನುಕೂಲವಿಲ್ಲ, ಮೇಲಾಗಿ ಆಗ ಯುನಿಕ್ಸ್‌ನಲ್ಲಿ ಮಾತ್ರ ಓಡುತ್ತಿತ್ತು. ಪೈಥಾನ್ ಇನ್ನೂ ಕೂಸು. ಲಿಸ್ಪ್, ಸ್ಕೀಮ್‌ಗಳನ್ನು ಬದಿಗಿಟ್ಟದ್ದು ಅವುಗಳ ಬರವಣಿಗೆ ನೋಡಿಯೇ, ಅಂದರೆ ಪೀಣ್ಯದ ನಮ್ಮ ಹಿರಿಯರು ಗೊಣಗುತ್ತಿದ್ದ ಕಾರಣಕ್ಕೇ. ಸಾಲಿನ ಕೊನೆಗೆ ಸೆಮಿಕೋಲನ್ ಬೇಕೋ ಬೇಡವೋ ಎಂಬ ಚರ್ಚೆಯೂ ನಡೆಯಿತು. ಕಡ್ಡಾಯ ಮಾಡಿದರೆ ಫೋರ್ಟ್ರಾನ್ ಬಲ್ಲ ಎಂಜಿನಿಯರುಗಳಿಗೆ ಗೊಂದಲ, ನಿಷೇಧಿಸಿದರೆ ಸಿ, ಪ್ಯಾಸ್ಕಲ್ ಬಲ್ಲವರಿಗೆ ಗೊಂದಲ. ಕೊನೆಗೆ, ಹಾಕಿದರೂ ಸರಿ ಬಿಟ್ಟರೂ ಸರಿ ಎಂದಾಯಿತು. ಪಟ್ಟಿಯ ಮೊದಲ ಅಂಶಕ್ಕೆ ಸೊನ್ನೆಯ ಬದಲು ಒಂದು ಎಂಬ ಸಂಖ್ಯೆ ಏಕೆ ಎಂದು ಲುವಾವನ್ನು ಹೀಯಾಳಿಸುವ ತರುಣರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಶಿಲಾಪದರಗಳನ್ನು ಎಣಿಸುವ ಭೂವಿಜ್ಞಾನಿ ಮೊದಲನೆಯ ಪದರವನ್ನು ಸೊನ್ನೆಯನೆಯದು ಎಂದು ಕರೆಯುತ್ತಾನೆಯೇ? ಫೋರ್ಟ್ರಾನ್‌ ಕೂಡ ಒಂದರಿಂದಲೇ ಎಣಿಸುತ್ತಿತ್ತು.

ಮೊದಲ ಆವೃತ್ತಿಯನ್ನು ಬರೆದದ್ದು ಸೆಲೆಸ್, ಇರುಸಲಿಮ್‌ಸ್ಕಿಯವರ ಒಂದು ತರಗತಿಯ ಪ್ರಾಜೆಕ್ಟ್ ಆಗಿ. ಅದರ ಕಡತಗಳ ಮೇಲಿರುವ ತಾರೀಕು 1993ರ ಜುಲೈ 28. ಗಿರಾಕಿಗಳ ಬಳಿ ಡಾಸ್‌ನಿಂದ ಹಿಡಿದು ಯುನಿಕ್ಸ್‌ವರೆಗೆ ಬಗೆಬಗೆಯ ಯಂತ್ರಗಳಿದ್ದುದರಿಂದ ಎಲ್ಲ ಕಡೆ ಕಂಪೈಲ್ ಆಗುವ ಶುದ್ಧ ಆನ್ಸಿ ಸಿಯಲ್ಲೇ ಬರೆದರು. ಲುವಾದ ಸಣ್ಣ ಗಾತ್ರದ ಗುಟ್ಟೂ ಇಲ್ಲಿದೆ. ಸಿಯ ಮೂಲ ಲೈಬ್ರರಿಯಲ್ಲಿ ಇಲ್ಲದ್ದನ್ನು ಅವರು ಬಹುಮಟ್ಟಿಗೆ ಸೇರಿಸಿಕೊಳ್ಳಲೇ ಇಲ್ಲ. ಈಗಲೂ ಇಡೀ ಇಂಟರ್‌ಪ್ರಿಟರ್ ಸುಮಾರು 300 ಕಿಲೋಬೈಟ್ ಅಷ್ಟೇ.

ಇನ್ನು ಕಷ್ಟದ ಭಾಗ: ಎರಡು ಭಾಷೆಗಳು ಪರಸ್ಪರ ಮಾತಾಡುವುದು ಹೇಗೆ? ಸಿಯಲ್ಲಿ ಪ್ರತಿಯೊಂದು ಬೆಲೆಗೂ ಮೊದಲೇ ಗೊತ್ತಾದ ಬಗೆ ಇರಬೇಕು. ಲುವಾದಲ್ಲಿ ಒಂದೇ ಹೆಸರು ಈಗ ಸಂಖ್ಯೆ, ಇನ್ನೊಂದು ಗಳಿಗೆಗೆ ಪದ. ಸಿಯಲ್ಲಿ ಮೆಮೊರಿಯನ್ನು ಪ್ರೋಗ್ರಾಮರ್ ತಾನೇ ಪಡೆದು ತಾನೇ ಬಿಡಬೇಕು. ಲುವಾದಲ್ಲಿ ಕಸ ತೆಗೆಯುವ ವ್ಯವಸ್ಥೆ ಒಳಗೇ ಇದೆ. ಸಿ ಪ್ರೋಗ್ರಾಮ್ ಲುವಾದ ಒಂದು ವಸ್ತುವಿನ ವಿಳಾಸ ಬರೆದಿಟ್ಟುಕೊಂಡಿತು ಅನ್ನಿ. ಇತ್ತ ಲುವಾ, ಯಾರಿಗೂ ಬೇಡವಾದ ವಸ್ತು ಎಂದುಕೊಂಡು ಅದನ್ನು ಗುಡಿಸಿಹಾಕಿತು. ಆಮೇಲೆ ಆ ವಿಳಾಸಕ್ಕೆ ಹೋದ ಸಿ ಪ್ರೋಗ್ರಾಮ್ ನೆಗೆದುಬೀಳುತ್ತದೆ. ಪೈಥಾನ್‌ನಲ್ಲಿ ಇದಕ್ಕೆ ಪ್ರತಿ ವಸ್ತುವಿನ ಬಳಕೆದಾರರ ಎಣಿಕೆಯನ್ನು ಸಿ ಪ್ರೋಗ್ರಾಮರ್ ಕೈಯಾರೆ ಹೆಚ್ಚಿಸಿ ಇಳಿಸಬೇಕು. ಒಂದು ಕಡೆ ಮರೆತರೆ ಮೆಮೊರಿ ಸೋರುತ್ತದೆ.

ಲುವಾದವರು ಹಲವು ಆವೃತ್ತಿಗಳ ಮೇಲೆ, 2000ದ 4.0ರಲ್ಲಿ, ಇದಕ್ಕೆ ಒಂದು ಸ್ಪಷ್ಟ ರೂಪ ಕೊಟ್ಟರು. ದರ್ಶಿನಿ ಹೋಟೆಲಿನ ಕೌಂಟರ್ ನೆನಪಿಸಿಕೊಳ್ಳಿ. ಗಿರಾಕಿ ಅಡುಗೆಮನೆಗೆ ಹೋಗುವುದಿಲ್ಲ, ಅಡುಗೆಯವನು ಮೇಜಿನ ಬಳಿಗೆ ಬರುವುದಿಲ್ಲ, ಟೋಕನ್ನೂ ತಟ್ಟೆಯೂ ನಡುವಿನ ಕಲ್ಲಿನ ಮೇಲೆಯೇ ಕೈಬದಲಾಗುತ್ತವೆ. ಲುವಾದಲ್ಲಿ ಆ ಕಲ್ಲಿನ ಹೆಸರು ಸ್ಟ್ಯಾಕ್. ಸಿ ಪ್ರೋಗ್ರಾಮಿಗೆ ಭೂವಿಜ್ಞಾನಿ ಬರೆದ ಬಣ್ಣದ ಫಂಕ್ಷನ್ ಬೇಕೆನ್ನಿ. ಅದು ಮೊದಲು ಫಂಕ್ಷನ್ನನ್ನು ಸ್ಟ್ಯಾಕಿನ ಮೇಲಿಡುತ್ತದೆ, ಅದರ ಮೇಲೆ ಆಳದ ಸಂಖ್ಯೆಯನ್ನಿಡುತ್ತದೆ, ‘ನಡೆಸು’ ಎನ್ನುತ್ತದೆ. ಎರಡೂ ಮಾಯವಾಗಿ ಆ ಜಾಗದಲ್ಲಿ ಉತ್ತರ ಬಂದು ಕೂರುತ್ತದೆ. ಮೇಲಿನಿಂದ ಎಷ್ಟನೆಯದು ಎಂದಷ್ಟೇ ಸಿಗೆ ಗೊತ್ತು. ವಿಳಾಸ ಅದರ ಕೈಗೆ ಸಿಗುವುದೇ ಇಲ್ಲ. ಸ್ಟ್ಯಾಕಿನ ಮೇಲಿರುವ ತನಕ ಲುವಾ ಆ ವಸ್ತುವನ್ನು ಗುಡಿಸುವುದೂ ಇಲ್ಲ. ಮೊದಲ ಸಲ ಓದಿದವರಿಗೆ ಇದು ಸುತ್ತುಬಳಸು ಎನಿಸುತ್ತದೆ. ನಾಲ್ಕಾರು ತಿಂಗಳು ಬಳಸಿದವರು ಬೇರೆ ಭಾಷೆಗಳಿಗೆ ಹೋದಾಗ ಅದರ ಬೆಲೆ ತಿಳಿಯುತ್ತದೆ.

ಜಗತ್ತಿಗೆ ಲುವಾ ತಲುಪಿದ್ದು ನಿಧಾನವಾಗಿ. 1994ರ ಜುಲೈನಲ್ಲಿ ಹೊರಬಂದ ಆವೃತ್ತಿ 1.1 ಓದುವವರಿಗೆ, ಕಲಿಸುವವರಿಗೆ ಮಾತ್ರ ಉಚಿತ. ವ್ಯಾಪಾರಕ್ಕೆ ಬೇಕಾದರೆ ಬಂದು ಮಾತಾಡಿ ಎಂಬ ಷರತ್ತಿತ್ತು. ಪರ್ಲ್, ಟಿಸಿಎಲ್ ಎರಡೂ ಬಿಟ್ಟಿ ಸಿಗುವಾಗ ಯಾರು ಬಂದು ಮಾತಾಡುತ್ತಾರೆ? ಮರುವರ್ಷದ 2.1ರಲ್ಲಿ ಷರತ್ತು ಕಿತ್ತರು. 1996ರ ಡಿಸೆಂಬರ್‌ನಲ್ಲಿ ‘ಡಾಕ್ಟರ್ ಡಾಬ್ಸ್ ಜರ್ನಲ್’ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅದನ್ನು ಓದಿದ ಲ್ಯೂಕಾಸ್‌ಆರ್ಟ್ಸ್‌ನ ಬ್ರೆಟ್ ಮೊಗಿಲೆಫ್‌ಸ್ಕಿ, ತಮ್ಮ ಸ್ಕಮ್ ಎಂಬ ಹಳೆಯ ಆಟದ ಭಾಷೆಯನ್ನು ತೆಗೆದು ಲುವಾ ಹಾಕುವುದಾಗಿ 1997ರ ಜನವರಿಯಲ್ಲಿ ಅವರಿಗೆ ಬರೆದರು. 1998ರ ‘ಗ್ರಿಮ್ ಫಂಡ್ಯಾಂಗೊ’ ಆಟ ಹೀಗೆ ಬಂತು. ಅದೇ ಕಂಪನಿಯ ಮುಂದಿನ ಒಂದು ಆಟದಲ್ಲಿ ಕಡಲ್ಗಳ್ಳರ ‘ಸ್ಕಮ್ ಬಾರ್’ ಹೊಸ ರೂಪ ತಳೆದು ‘ಲುವಾ ಬಾರ್’ ಆಯಿತು. ಎಣ್ಣೆಬಾವಿಯ ವರದಿಗೆಂದು ಮಾಡಿದ್ದು ಆಟದ ಕೋಣೆಗೆ ಹೋದದ್ದನ್ನು ನೋಡಿ ರಿಯೊದವರಿಗೇ ಆಶ್ಚರ್ಯವಾಗಿರಬೇಕು. ಆಮೇಲೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಫೋಟೊ ತಿದ್ದುವ ಅಡೋಬಿ ಲೈಟ್‌ರೂಮ್, ರೆಡಿಸ್ ಡೇಟಾಬೇಸ್, ಬ್ರೆಜಿಲ್‌ನದೇ ಡಿಜಿಟಲ್ ಟೀವಿಯ ಗಿಂಗಾ, ಎಲ್ಲದರೊಳಗೂ ಲುವಾ ಸೇರಿಕೊಂಡಿತು. ಅಭಿವೃದ್ಧಿಶೀಲ ದೇಶದಲ್ಲಿ ಹುಟ್ಟಿ ಲೋಕದಾದ್ಯಂತ ಹಬ್ಬಿದ ಭಾಷೆ ತಮಗೆ ತಿಳಿದಂತೆ ಇದೊಂದೇ ಎಂದು 2007ರಲ್ಲಿ ಆ ಮೂವರೂ ತಮ್ಮ ಭಾಷೆಯ ಚರಿತ್ರೆ ಬರೆಯುತ್ತ ಹೇಳಿಕೊಂಡರು. ಸ್ವಲ್ಪ ಹೆಮ್ಮೆ, ನ್ಯಾಯವಾದದ್ದೇ.

ಕನ್ನಡಕ್ಕೂ ಇದಕ್ಕೂ ನಂಟು ಬೆಳೆದದ್ದು ವಿಕಿಪೀಡಿಯದಿಂದ. ಅಲ್ಲಿನ ಟೆಂಪ್ಲೇಟುಗಳಿಗೂ ಡಿಇಎಲ್‌ನ ಗತಿಯೇ ಬಂದಿತ್ತು. ಮೊದಲು ಬರೀ ಪಠ್ಯ ತುಂಬುವ ಅಚ್ಚು, ಆಮೇಲೆ ಅದರಲ್ಲಿ ಷರತ್ತು, ಕೊನೆಗೆ ಪುಟ ತೆರೆಯಲು ಹೊತ್ತುಗಟ್ಟಲೆ ಕಾಯುವಷ್ಟು ಸುರುಳಿಸುತ್ತಿದ ಆವರಣ ಚಿಹ್ನೆಗಳು. 2013ರಲ್ಲಿ ಎಲ್ಲ ಭಾಷೆಗಳ ವಿಕಿಪೀಡಿಯಗಳಿಗೂ ಲುವಾ ಬಂತು. ಅಪರಿಚಿತರು ಬರೆದ ಪ್ರೋಗ್ರಾಮುಗಳನ್ನು ಸರ್ವರ್‌ನೊಳಗೆ ಓಡಿಸುವ ಧೈರ್ಯ ಬಂದದ್ದು, ಲುವಾಗೆ ಅದನ್ನು ಒಳಗಿಟ್ಟುಕೊಂಡ ಪ್ರೋಗ್ರಾಮ್ ಕೊಟ್ಟಷ್ಟೇ ಬಾಗಿಲು ಇರುವುದರಿಂದ. ಕಡತ ತೆರೆಯುವ ಫಂಕ್ಷನ್ ಕೊಡದಿದ್ದರೆ ಅದಕ್ಕೆ ಕಡತ ಎಂಬುದೇ ಇಲ್ಲ. ಒಂದು ಪುಟಕ್ಕೆ ಹತ್ತು ಸೆಕೆಂಡು, 50 ಮೆಗಾಬೈಟ್ ಎಂದು ಮಿತಿಯನ್ನೂ ಹಾಕಿದ್ದಾರೆ. ಕನ್ನಡ ವಿಕಿಪೀಡಿಯದ ಯಾವುದಾದರೂ ಊರಿನ, ಲೇಖಕರ ಪುಟ ತೆರೆದರೆ ಬಲಗಡೆ ಕಾಣುವ ಮಾಹಿತಿಯ ಚೌಕಗಳ ಹಿಂದೆ ಇದೇ ಓಡುತ್ತಿರುತ್ತದೆ.

ನಿವೃತ್ತಿಯ ಮೇಲೆ ನಾನು ಕೈಹಾಕಿದ್ದು ಈ ಮೂಲೆಗೇ, ಕನ್ನಡದ ಅಕ್ಷರ ಎಣಿಸುವ ಕೆಲಸಕ್ಕೆ. ಲುವಾಗೆ ಪದವೆಂದರೆ ಬೈಟುಗಳ ಸಾಲು ಮಾತ್ರ. ಲಿಪಿಗಳ ಕೋಷ್ಟಕ ಹೊತ್ತರೆ ಗಾತ್ರ ಬೆಳೆಯುತ್ತದೆ ಎಂದು ಅದು ಆ ತಂಟೆಗೆ ಹೋಗಲಿಲ್ಲ. ಹಾಗಾಗಿ ‘ಕನ್ನಡ’ ಎಷ್ಟು ಉದ್ದ ಎಂದು ಕೇಳಿದರೆ 15 ಎನ್ನುತ್ತದೆ. ವಿಕಿಪೀಡಿಯದವರು ಸೇರಿಸಿಕೊಟ್ಟ ಯುನಿಕೋಡ್ ಲೈಬ್ರರಿಯನ್ನು ಕೇಳಿದರೆ 5 ಎನ್ನುತ್ತದೆ: ಕ, ನ, ಒತ್ತಕ್ಷರ ಮಾಡಿಸುವ ವಿರಾಮ ಚಿಹ್ನೆ, ಮತ್ತೆ ನ, ಡ. ಒಂದನೆಯ ತರಗತಿಯ ಮಗುವನ್ನು ಕೇಳಿದರೆ ಮೂರು. ಮಗುವಿನ ಲೆಕ್ಕಕ್ಕೆ ಬೇಕಾದ ನಿಯಮ ಸರಳವಾಗೇ ಶುರುವಾಗುತ್ತದೆ: ವಿರಾಮ ಚಿಹ್ನೆ ಕಂಡರೆ ಮುಂದಿನ ವ್ಯಂಜನವನ್ನು ಹಿಂದಿನದಕ್ಕೆ ಸೇರಿಸು, ಕಾಗುಣಿತದ ಗುರುತನ್ನು ಪ್ರತ್ಯೇಕ ಎಣಿಸಬೇಡ. ಆಮೇಲೆ ‘ರ‍್ಯಾಂಕ್’ ಬರುತ್ತದೆ. ಅರ್ಕಾವೊತ್ತು ಬಾರದಂತೆ ತಡೆಯಲು ರಕಾರದ ಬೆನ್ನಿಗೇ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಬೈಟು 24, ಚಿಹ್ನೆ 8, ಅಕ್ಷರ ಎರಡು. ಆ ಎರಡನೆಯದನ್ನು, ಅಂದರೆ ಕೊನೆಯ ಅರೆ ಕಕಾರವನ್ನು, ಒಂದು ಪೂರ್ತಿ ಅಕ್ಷರವೆಂದು ಎಣಿಸುವುದಾದರೆ.