ಉಗ್ರಾಣದಲ್ಲಿಯೇ ಆರಂಭವಾಗುವ ಅವಮೌದರ್ಯ

ಗುರುಮಠಕಲ್ಲಿನಿಂದ ಸೇಡಂ ಮಾರ್ಗವಾಗಿ ಹೋಗಿ ಪಶ್ಚಿಮಕ್ಕೆ ತಿರುಗಿದರೆ ಕಾಗಿಣಾ ನದಿಯ ದಡದಲ್ಲಿ ಮಳಖೇಡವು ಸಿಗುತ್ತದೆ. ಇದೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕ್ರಿ.ಶ. 814ರಿಂದ ಸುಮಾರು 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಈ ಸೀಮೆಯು ಜೈನವಿದ್ಯೆಯ ತವರಾಗಿದ್ದಿತು. ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು, ಆ ಕೃತಿಯನ್ನು ಪೂರ್ಣಗೊಳಿಸಿ ಉತ್ತರಪುರಾಣವನ್ನು ಬರೆದ ಗುಣಭದ್ರಾಚಾರ್ಯರು, ಗಣಿತಸಾರಸಂಗ್ರಹದ ಮಹಾವೀರಾಚಾರ್ಯರು, ಇವರೆಲ್ಲರ ಹೆಸರೂ ಆ ಕಾಲದೊಡನೆ ಬೆಸೆದುಕೊಂಡಿವೆ. ಮಳಖೇಡದ ನೇಮಿನಾಥ ಬಸದಿಯು ಆ ವೈಭವದ ಸಾಕ್ಷಿಯಾಗಿ ಇಂದಿಗೂ ನಿಂತಿದೆ. ಕಾವ್ಯ, ಗಣಿತ, ವ್ಯಾಕರಣಗಳ ಸಲುವಾಗಿ ನಾವು ಆ ಯುಗವನ್ನು ಮತ್ತೆ ಮತ್ತೆ ಸ್ಮರಿಸುತ್ತೇವೆ. ಆದರೆ ನಮ್ಮ ಮನೆಯ ಉಗ್ರಾಣಕ್ಕೂ ಅಡುಗೆಯ ಒಲೆಗೂ ಸಂಬಂಧಿಸಿದ ಒಂದು ದೊಡ್ಡ ಮಾತು ಆ ಯುಗದಿಂದಲೇ ನಮಗೆ ಬಂದಿದೆ ಎಂಬುದನ್ನು ಬಹುಮಟ್ಟಿಗೆ ಮರೆತಿದ್ದೇವೆ.

ಉಗ್ರಾದಿತ್ಯಾಚಾರ್ಯರ 'ಕಲ್ಯಾಣಕಾರಕ'ವು ಒಂದು ವೈದ್ಯಗ್ರಂಥ. ಮದ್ಯ, ಮಾಂಸ, ಮಧು ಈ ಮೂರನ್ನೂ ಬಿಟ್ಟು ಚಿಕಿತ್ಸೆಯನ್ನು ಹೇಳಿದ ಗ್ರಂಥವೆಂಬುದು ಅದರ ಹೆಗ್ಗಳಿಕೆ. ಅದರ ಕೊನೆಯಲ್ಲಿ ಬರುವ ಹಿತಾಹಿತ ಪ್ರಕರಣವು ಮಾಂಸಾಹಾರವು ದೇಹಕ್ಕೆ ಅವಶ್ಯವಲ್ಲವೆಂದು ವಾದಿಸುತ್ತದೆ. ಈ ವಾದವನ್ನು ಆಚಾರ್ಯರು ನೃಪತುಂಗವಲ್ಲಭನ ಸಭೆಯಲ್ಲಿ ವಿದ್ವಾಂಸರ ಮತ್ತು ವೈದ್ಯರ ಮುಂದೆ ಮಂಡಿಸಿದರೆಂದು ಗ್ರಂಥದಲ್ಲಿಯೇ ಹೇಳಿದೆ. ಈ ನೃಪತುಂಗನು ಅಮೋಘವರ್ಷನೇ ಎಂದು ಹಲವು ವಿದ್ವಾಂಸರು ಭಾವಿಸಿದ್ದಾರೆ. ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಬೆಳಕು ಕಂಡಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಿಂಸೆಯು ಪಾಪವೆಂದು ಹೇಳಿ ಆಚಾರ್ಯರು ಸುಮ್ಮನಾಗಬಹುದಿತ್ತು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಯಾವ ಆಹಾರವು ಶರೀರಕ್ಕೆ ಹಿತ, ಯಾವುದು ಅಹಿತ ಎಂಬ ಪ್ರಶ್ನೆಯನ್ನು ಎತ್ತಿಕೊಂಡು ವೈದ್ಯರೊಡನೆ ವೈದ್ಯರ ಮಾತಿನಲ್ಲಿಯೇ ವಾದಿಸಿದರು. ಎಂದರೆ ಆಹಾರದ ವಿಷಯದಲ್ಲಿ ಅವರ ಮುಂದಿದ್ದವು ಎರಡು ಪ್ರಶ್ನೆಗಳು: ಇದು ಭಕ್ಷ್ಯವೇ? ಇದು ಹಿತವೇ? ಇಂದಿನ ನಮ್ಮ ಮನೆಗಳಲ್ಲಿ ಮೊದಲನೆಯ ಪ್ರಶ್ನೆಯು ಉಳಿದಿದೆ, ಎರಡನೆಯದು ಜಾರಿಹೋಗಿದೆ.

ಅಂಗಡಿಯಿಂದ ಒಂದು ಪೊಟ್ಟಣ ಬಾಳೆಕಾಯಿ ಚಿಪ್ಸು ಮನೆಗೆ ಬರುತ್ತದೆ. ಆಲೂಗಡ್ಡೆಯದಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಆದ್ದರಿಂದ 'ನಮ್ಮದು' ಎಂಬ ಸಮಾಧಾನದಿಂದ ಡಬ್ಬಿಗೆ ಸೇರುತ್ತದೆ. ಅದರಲ್ಲಿರುವ ಎಣ್ಣೆಯೆಷ್ಟು, ಉಪ್ಪೆಷ್ಟು ಎಂದು ಯಾರೂ ಕೇಳುವುದಿಲ್ಲ. ಒಂದು ಗ್ರಾಂ ಪಿಷ್ಟದಿಂದ ಅಥವಾ ಸಸಾರಜನಕದಿಂದ ನಾಲ್ಕು ಕ್ಯಾಲೊರಿ ಬಂದರೆ ಒಂದು ಗ್ರಾಂ ಎಣ್ಣೆಯಿಂದ ಒಂಬತ್ತು ಬರುತ್ತದೆ. ಭಕ್ಷ್ಯವಾದುದೆಲ್ಲವೂ ಹಗುರವಲ್ಲ. ಗದ್ದುಗೆಯ ಮೇಲೆ ಕುಳಿತು ದಿನವೆಲ್ಲ ವ್ಯಾಪಾರ ಮಾಡುವ ಮನೆಗಳಲ್ಲಿ ಸಿಹಿಮೂತ್ರ ರೋಗವೂ ರಕ್ತದೊತ್ತಡವೂ ಅಪರೂಪದ ಅತಿಥಿಗಳಾಗಿ ಉಳಿದಿಲ್ಲ ಎಂಬುದನ್ನು ಪ್ರತಿಯೊಂದು ಕುಟುಂಬವೂ ಬಲ್ಲದು.

ಜೈನಧರ್ಮದಲ್ಲಿ ಅಳತೆಯ ವಿಚಾರವು ಹೊಸದೇನಲ್ಲ. ತತ್ತ್ವಾರ್ಥಸೂತ್ರವು ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ಮೊದಲನೆಯದು ಅನಶನ, ಎರಡನೆಯದು ಅವಮೌದರ್ಯ. ಶ್ವೇತಾಂಬರ ಬಂಧುಗಳು ಇದನ್ನೇ ಊನೋದರಿ ಎನ್ನುತ್ತಾರೆ. ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದೇ ಅದರ ಅರ್ಥ. ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಪೂರ್ಣಾಹಾರವೆಂದು ಭಗವತೀ ಆರಾಧನೆಯ ಪರಂಪರೆಯು ಎಣಿಸುತ್ತದೆ. ಅದರಿಂದ ಒಂದು ತುತ್ತು ಕಡಿಮೆ ಮಾಡಿದರೂ ಅದು ತಪಸ್ಸೇ. ಅನಂತರ ಬರುವ ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಕೆಲವನ್ನೋ ಬಿಡುವ ಕ್ರಮವಿದೆ. ರವಿವಾರ ಉಪ್ಪಿಲ್ಲದೆ ಉಣ್ಣುವ ಹಿರಿಯರು ಇಂದಿಗೂ ನಮ್ಮ ಮನೆಗಳಲ್ಲಿದ್ದಾರೆ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದನ್ನು ಓದುವಾಗ ಆ ಹಿರಿಯರ ನೆನಪಾಗುತ್ತದೆ. ಆದರೂ ನಮ್ಮ ಆಚಾರ್ಯರು ಕ್ಯಾಲೊರಿಯನ್ನು ಎಣಿಸಿದ್ದರೆಂದು ಹೆಮ್ಮೆಪಡುವುದು ತರವಲ್ಲ. ಅವರ ಗುರಿಯು ಕಷಾಯಗಳ ನಿಗ್ರಹ, ಕರ್ಮನಿರ್ಜರೆ; ಶರೀರದ ಲಘುತ್ವವು ಅದರ ಜೊತೆಗೆ ಬರುವ ಫಲ ಮಾತ್ರ.

ಈ ತಪಸ್ಸು ಬಟ್ಟಲಿನ ಮುಂದೆ ಕುಳಿತಾಗ ಆರಂಭವಾಗುವುದಲ್ಲ. ಗೃಹಸ್ಥನಿಗೆ ವಿಧಿಸಿದ ಭೋಗೋಪಭೋಗ ಪರಿಮಾಣ ವ್ರತವು ವಸ್ತುಗಳು ಮನೆಗೆ ಬರುವ ಮೊದಲೇ ಅವುಗಳಿಗೆ ಎಲ್ಲೆ ಹಾಕಿಕೊಳ್ಳಲು ಹೇಳುತ್ತದೆ. ಎದುರಿಗಿರುವುದನ್ನು ತಿನ್ನದಿರುವುದು ಕಷ್ಟ; ಮನೆಯಲ್ಲಿಯೇ ಇಲ್ಲದುದನ್ನು ತಿನ್ನದಿರುವುದು ಸುಲಭ. ಮಹಾವೀರಾಚಾರ್ಯರು ತಮ್ಮ ಗಣಿತಗ್ರಂಥದ ಮೊದಲ ಅಧ್ಯಾಯದಲ್ಲಿಯೇ ನೆಲ, ಕಾಲ, ಚಿನ್ನಗಳ ಜೊತೆಗೆ ಧಾನ್ಯದ ಅಳತೆಗಳನ್ನೂ ವಿವರಿಸಿದ್ದಾರೆ. ಸೇರು, ಪಾವುಗಳು ಬಳಕೆಯಲ್ಲಿದ್ದ ತನಕ ನಮ್ಮ ಅಜ್ಜಿಯರ ಉಗ್ರಾಣವೂ ಅಳತೆಯ ಮನೆಯೇ ಆಗಿತ್ತು. ಎಷ್ಟು ಜನಕ್ಕೆ ಎಷ್ಟು ಪಾವು ಎಂಬುದು ಅವರಿಗೆ ಕೈಯಲ್ಲಿತ್ತು. ಕೊಂಡ ಪೊಟ್ಟಣಕ್ಕೆ ಅಂಥ ಅಳತೆಯಿಲ್ಲ. ಬಿಚ್ಚಿದರೆ ಮುಗಿಯುವವರೆಗೆ ಎಂಬುದೇ ಅದರ ಅಳತೆ.

ಈ ಎಲ್ಲೆಗೆ ಅಹಿಂಸೆಯ ಕಾರಣವೂ ಉಂಟು. ಬಹುಕಾಲ ಕೂಡಿಟ್ಟ ಹಿಟ್ಟಿನಲ್ಲಿ, ಬೇಳೆಯಲ್ಲಿ ತ್ರಸಜೀವಿಗಳು ಹುಟ್ಟುತ್ತವೆ. ಆದ್ದರಿಂದಲೇ ಹಿಟ್ಟಿನ ಮರ್ಯಾದೆಯು ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಎಂದು ದಿಗಂಬರ ಪರಂಪರೆಯಲ್ಲಿ ನಿಗದಿಯಾಯಿತು. ಕಾಳನ್ನು ಬಿಸಿಲಿಗೆ ಒಣಗಿಸಿ, ಶೋಧಿಸಿ, ಬೇಕಾದಷ್ಟನ್ನೇ ಬೀಸುವ ಪದ್ಧತಿಯು ಇದರಿಂದ ಬಂದಿತು. ಕಾಳು ಕಾಳಾಗಿಯೇ ಇರುವ ಉಗ್ರಾಣದಲ್ಲಿ ಹೊಟ್ಟು ತೆಗೆದ ನಯವಾದ ಹಿಟ್ಟಿಗೆ ಹೆಚ್ಚು ಜಾಗವಿರುವುದಿಲ್ಲ. ಜೀವದಯೆಯ ನಿಯಮವೊಂದು ತಾನಾಗಿಯೇ ನಾರಿನಂಶವುಳ್ಳ ಆಹಾರವನ್ನು ಮನೆಯಲ್ಲಿ ಉಳಿಸಿತು.

ಈ ಸೀಮೆಯ ಬೆಳೆಗಳೂ ಅದಕ್ಕೆ ಅನುಕೂಲವಾಗಿದ್ದವು. ಜೋಳ, ಸಜ್ಜೆ, ತೊಗರಿ, ಹೆಸರು, ಕಡಲೆ, ಶೇಂಗಾ, ಕುಸುಬೆ, ಅಗಸೆ ಇವು ಇಲ್ಲಿನ ಹೊಲಗಳ ಸಂಪತ್ತು. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ನಾರಾಯಣಪುರದ ಅಣೆಕಟ್ಟಿನಿಂದ ಕೃಷ್ಣೆಯ ನೀರು ಕಾಲುವೆಗಳಲ್ಲಿ ಹರಿದ ಮೇಲೆ ಶಹಾಪುರ, ಸುರಪುರಗಳ ಕಡೆ ಭತ್ತವು ಹಬ್ಬಿತು. ಅಗ್ಗದ ಅಕ್ಕಿಯೂ ಎಲ್ಲೆಡೆ ದೊರೆಯಿತು. ಜೋಳದ ರೊಟ್ಟಿಯ ಬಟ್ಟಲಿಗೆ ಅನ್ನ ಬಂದಿತು. 2023ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಅದೇ ಜೋಳ, ಸಜ್ಜೆಗಳು ಬಣ್ಣದ ಪೊಟ್ಟಣಗಳಲ್ಲಿ ಹೆಚ್ಚಿನ ಬೆಲೆಗೆ ಮರಳಿ ಬಂದವು. ಇಲ್ಲಿ ಒಂದು ಎಚ್ಚರಿಕೆ ಬೇಕು. ನೂರು ಗ್ರಾಂ ಜೋಳದ ಕ್ಯಾಲೊರಿಯು ಅಷ್ಟೇ ತೂಕದ ಅಕ್ಕಿಯದಕ್ಕಿಂತ ಬಹಳ ಕಡಿಮೆಯೇನೂ ಇಲ್ಲ. ನಾರಿನಂಶವು ಹೆಚ್ಚಾಗಿರುವುದರಿಂದ ಬೇಗ ತೃಪ್ತಿಯಾಗುತ್ತದೆ, ಹಸಿವು ತಡವಾಗಿ ಮರಳುತ್ತದೆ, ಲಾಭವಿರುವುದು ಅಲ್ಲಿ. ನಾಲ್ಕು ರೊಟ್ಟಿಯ ಜಾಗದಲ್ಲಿ ಆರು ತಿಂದರೆ ಆ ಲಾಭವೂ ಇಲ್ಲ.

ಇಂದು ಪತ್ರಿಕೆಗಳಲ್ಲಿ ಬರುವ ಆರೋಗ್ಯದ ಪಟ್ಟಿಯನ್ನು ಹಿಡಿದು ಅಂಗಡಿಗೆ ಹೋದ ಶ್ರಾವಿಕೆಗೆ ತೊಡಕೇ ಹೆಚ್ಚು. ಸಕ್ಕರೆಯ ಬದಲು ಜೇನುತುಪ್ಪ ಎನ್ನುತ್ತದೆ ಪಟ್ಟಿ. ಮಧುತ್ಯಾಗವು ನಮ್ಮ ಮೂಲಗುಣಗಳಲ್ಲಿ ಸೇರಿದೆ. ಮೊಳಕೆಕಾಳು, ಗಜ್ಜರಿ, ಅಣಬೆ ಎನ್ನುತ್ತದೆ. ಅನಂತಕಾಯದ ವಿಚಾರದಿಂದ ಬಹು ಮನೆಗಳಲ್ಲಿ ಇವು ವರ್ಜ್ಯ. ಹಾಗೆಂದು ನಮಗೆ ಹಗುರವಾದ ತಿನಿಸೇ ಇಲ್ಲವೆಂದು ಭಾವಿಸಬೇಕಾಗಿಲ್ಲ. ನಾಗರಪಂಚಮಿಗೆ ಹುರಿಯುವ ಜೋಳದ ಅಳ್ಳು ಎಣ್ಣೆಯ ಹನಿಯನ್ನೂ ಬೇಡುವುದಿಲ್ಲ. ಚುರುಮುರಿ, ಪುಟಾಣಿ, ಹೆಸರುಕಾಳಿನ ಗುಗ್ಗರಿ, ಸೌತೆಕಾಯಿ, ಆಯಾ ಋತುವಿನ ಹಣ್ಣು ಇವೆಲ್ಲ ಊರಿನ ಸಂತೆಯಲ್ಲಿಯೇ ಸಿಗುತ್ತವೆ. ಪುಟಾಣಿಯ ಜೊತೆಗೆ ಹಸಿ ಮಜ್ಜಿಗೆ ಕೂಡಿದರೆ ದ್ವಿದಳದ ದೋಷ ಬರುವುದೆಂಬುದನ್ನು ಮನೆಯವರು ಬಲ್ಲರು. ಚುರುಮುರಿಯೊಡನೆ ಆ ತೊಂದರೆಯಿಲ್ಲ. ಶೇಂಗಾ, ಎಳ್ಳು, ಅಗಸೆಗಳು ಒಳ್ಳೆಯ ಆಹಾರವಾದರೂ ಹಗುರವಲ್ಲ. ನೂರು ಗ್ರಾಂ ಶೇಂಗಾದಲ್ಲಿ ಐನೂರಕ್ಕೂ ಹೆಚ್ಚು ಕ್ಯಾಲೊರಿಯಿದೆ. ಅವುಗಳಿಗೆ ಮುಷ್ಟಿಯ ಅಳತೆ, ಚಟ್ನಿಪುಡಿಗೆ ಚಮಚದ ಅಳತೆ ಸಾಕು.

ಪೊಟ್ಟಣವನ್ನು ಕೊಳ್ಳಲೇಬೇಕಾದಾಗ ಅದರ ಮೇಲಿನ ಹಸಿರು ಗುರುತನ್ನು ಮಾತ್ರ ನಂಬಬಾರದು. ಸರಕಾರದ ನಿಯಮದಂತೆ ಜೇನುತುಪ್ಪ ಬೆರೆಸಿದ ತಿನಿಸಿಗೂ ಹಸಿರು ಗುರುತೇ ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳ ವಿಷಯವನ್ನಂತೂ ಅದು ಹೇಳುವುದೇ ಇಲ್ಲ. ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಓದಬೇಕು. ತೂಕದಲ್ಲಿ ಹೆಚ್ಚಿರುವುದು ಅಲ್ಲಿ ಮೊದಲು ಬರುತ್ತದೆ. ಸಕ್ಕರೆಯೋ ಎಣ್ಣೆಯೋ ಮೊದಲ ಮೂರರಲ್ಲಿ ಇದ್ದರೆ ಮುಂಬದಿಯಲ್ಲಿ 'ಆರೋಗ್ಯಕರ' ಎಂದು ಎಷ್ಟು ದೊಡ್ಡದಾಗಿ ಅಚ್ಚಾಗಿದ್ದರೂ ಪ್ರಯೋಜನವಿಲ್ಲ.

ಇಷ್ಟನ್ನು ಹೇಳುವಾಗ ನಮ್ಮ ಪೂರ್ವಜರು ರುಚಿಯನ್ನು ದ್ವೇಷಿಸಿದರೆಂದು ತಿಳಿಯಬಾರದು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಜೈನಕವಿಯಾದ ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಪಾಕಗ್ರಂಥವನ್ನೇ ಷಟ್ಪದಿಯಲ್ಲಿ ಬರೆದನು. ಇಂದು ಅನೇಕ ಮನೆಗಳು ಬಹುಬೀಜವೆಂದು ಬಿಟ್ಟಿರುವ ಬದನೆಯ ಅಡುಗೆಗಳೂ ಅದರಲ್ಲಿವೆ. ಬಿಡುವ ಪದಾರ್ಥಗಳ ಪಟ್ಟಿಯು ಮನೆಯಿಂದ ಮನೆಗೆ, ಕಾಲದಿಂದ ಕಾಲಕ್ಕೆ ಬೇರೆಯಾಗಿರಬಹುದು. ಮಿತಿಯೆಂಬ ತತ್ತ್ವವು ಮಾತ್ರ ಎಲ್ಲರಿಗೂ ಒಂದೇ.

'ನಾವು ಪರ್ವದ ದಿನ ಉಪವಾಸ ಮಾಡುತ್ತೇವೆ, ಅಷ್ಟು ಸಾಲದೇ?' ಎಂದು ಕೇಳುವವರಿದ್ದಾರೆ. ಉಪವಾಸವು ಮಹತ್ತಾದುದು. ಆದರೆ ಪಾರಣೆಯ ದಿನ ಕರಿದ ತಿಂಡಿ, ತುಪ್ಪದ ಸಿಹಿಗಳಿಂದ ಎರಡು ದಿನದ ಊಟವನ್ನು ಒಂದೇ ಹೊತ್ತಿನಲ್ಲಿ ತೀರಿಸಿಕೊಂಡರೆ ಅನಶನವು ಉಳಿದು ಅವಮೌದರ್ಯವು ಅಳಿಯುತ್ತದೆ. ಸಿಹಿಮೂತ್ರಕ್ಕೆ ಔಷಧಿ ತೆಗೆದುಕೊಳ್ಳುವವರಿಗಂತೂ ಉಪವಾಸ, ಪಾರಣೆಗಳೆರಡೂ ಅಪಾಯವನ್ನು ತರಬಲ್ಲವು. ಅಂಥವರು ವ್ರತವನ್ನು ಸ್ವೀಕರಿಸುವ ಮೊದಲು ವೈದ್ಯರನ್ನು ಕೇಳುವುದು ಧರ್ಮಕ್ಕೆ ವಿರುದ್ಧವಲ್ಲ. ಶಕ್ತಿಯನ್ನು ಅರಿತು ತಪಸ್ಸು ಮಾಡಬೇಕೆಂಬುದೇ ಶಾಸ್ತ್ರದ ಮಾತು. ಉಪವಾಸ ಮಾಡಲಾರದ ರೋಗಿಗೂ ಒಂದು ತುತ್ತು ಕಡಿಮೆ ಉಣ್ಣುವ ತಪಸ್ಸಿನ ಬಾಗಿಲು ತೆರೆದೇ ಇದೆ.

ಬಸದಿಗಳ ಟ್ರಸ್ಟುಗಳಿಗೂ ಇದರಲ್ಲಿ ಹೊಣೆಯಿದೆ. ಪೂಜೆ, ಪ್ರವಚನಗಳ ನಂತರದ ಉಪಾಹಾರವು ಸಮಾಜದ ಎಲ್ಲರೂ ಒಟ್ಟಿಗೆ ತಿನ್ನುವ ಆಹಾರ. ಅಲ್ಲಿ ಕರಿದ ತಿಂಡಿ ಎರಡಿದ್ದರೆ ಒಂದನ್ನು ಬಿಟ್ಟು ಗುಗ್ಗರಿಯನ್ನೋ ಹಣ್ಣನ್ನೋ ಇಡಬಹುದು. ಭೋಜನಶಾಲೆಗೆ ತಿಂಗಳ ಸಾಮಾನು ತರಿಸುವಾಗ ಕಳೆದ ತಿಂಗಳು ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಖರ್ಚಾಯಿತೆಂದು ಲೆಕ್ಕದ ಪುಸ್ತಕವನ್ನು ನೋಡಬಹುದು. ಕಾಣಿಕೆಯ ಲೆಕ್ಕವನ್ನು ಕಾಸು ಬಿಡದೆ ಬರೆಯುವವರಿಗೆ ಈ ಲೆಕ್ಕವು ಭಾರವಾಗಲಾರದು.

ಸೂರ್ಯಾಸ್ತದ ಮೊದಲು ಅಂಗಡಿಯಿಂದ ಹಸಿದು ಬರುವ ಯಜಮಾನನ ಕೈ ಮೊದಲು ಹೋಗುವುದು ಎದುರಿಗಿರುವ ಡಬ್ಬಿಗೆ. ಶಾಲೆಯಿಂದ ಬರುವ ಮಗುವಿನ ಕೈಯೂ ಅಲ್ಲಿಗೇ ಹೋಗುತ್ತದೆ. ಆ ಡಬ್ಬಿಯಲ್ಲಿ ಏನಿರಬೇಕೆಂಬುದು ಸಂತೆಯ ದಿನವೇ ನಿಶ್ಚಯವಾಗಿರುತ್ತದೆ. ಮಾನ್ಯಖೇಟದ ಸಭೆಯಲ್ಲಿ ಕೇಳಿದ ಹಿತಾಹಿತದ ಪ್ರಶ್ನೆಯನ್ನು ನಾವು ಸಂತೆಯ ಚೀಲವನ್ನು ಹಿಡಿದಾಗಲೇ ಕೇಳಿಕೊಂಡರೆ, ಉಣ್ಣುವಾಗ ಮನಸ್ಸಿನೊಡನೆ ಹೋರಾಡುವ ಕಷ್ಟವು ಅರ್ಧ ಕಡಿಮೆಯಾಗುತ್ತದೆ. ಉಳಿದರ್ಧವೇ ತಪಸ್ಸು.